ನಾನೇನೂ ಒಡೆದಿಲ್ಲ, ಆದ್ರೂ ಅಡ್ವಾನ್ಸ್‌ನಲ್ಲಿ ಲಕ್ಷದ ಮೇಲೆ ಕಟ್! ಇದು ಸರೀನಾ?

ಸಾಗರದವ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ಬನಶಂಕರಿ ಕಡೆ ಎರಡು ಬೆಡ್‌ರೂಮಿನ ಮನೆಯೊಂದರಲ್ಲಿ ಎರಡೂವರೆ ವರ್ಷದಿಂದ ಬಾಡಿಗೆಗಿದ್ದೆ. ಮೊದಲನೇ ಮಹಡಿ. ಬಾಡಿಗೆ 22 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ. ಕೆಳಗಡೆ ಇನ್ನೊಂದು ಬಾಡಿಗೆ ಸಂಸಾರ. ಓನರ್ ಇರುವುದು ಬೇರೆ ಏರಿಯಾದಲ್ಲಿ. ತಿಂಗಳ ಬಾಡಿಗೆ ಫೋನ್‌ನಲ್ಲೇ ಕಳಿಸಿಬಿಡುತ್ತಿದ್ದೆ, ಹಾಗಾಗಿ ಮುಖ ನೋಡುವುದೇ ಅಪರೂಪ.

ಯುಗಾದಿ ಹೊತ್ತಿಗೆ ಬೆಡ್‌ರೂಮಿನ ಗೋಡೆಯಲ್ಲಿ, ಬಾತ್‌ರೂಮಿಗೆ ಅಂಟಿಕೊಂಡ ಕಡೆ, ಬಣ್ಣ ಉಬ್ಬಿತ್ತು. ಅಂಗೈ ಅಗಲ ಅಷ್ಟೇ. ಪಕ್ಕದಲ್ಲೇ ವಾರ್ಡ್‌ರೋಬ್. ನಾನೂ ನೋಡಿದೆ, ಹೆಂಡತಿಯೂ ನೋಡಿದಳು. ಹದಿನೆಂಟು ವರ್ಷದ ಮನೆ, ಇದೆಲ್ಲ ಇದ್ದದ್ದೇ ಅಂದುಕೊಂಡೆವು. ನಿಜ ಹೇಳಬೇಕಂದ್ರೆ ಇನ್ನೊಂದು ಭಯವೂ ಇತ್ತು, ಹೇಳಿದರೆ ನಮ್ಮ ತಲೆಗೇ ಕಟ್ಟುತ್ತಾರೆ ಅಂತ. ಅಲ್ಲಿಗೊಂದು ಬುಕ್ ಸ್ಟ್ಯಾಂಡ್ ಸರಿಸಿಟ್ಟೆವು. ಕಣ್ಣಿಗೆ ಬೀಳಲಿಲ್ಲ, ಮರೆತೂ ಹೋಯಿತು.

ಜೂನ್ ಕೊನೆಗೆ ಹೆಂಡತಿ ಬಾಣಂತನಕ್ಕೆ ಊರಿಗೆ ಹೋದಳು. ನನಗೂ ಮನೆಯಿಂದಲೇ ಕೆಲಸ ಮಾಡಲು ಆಫೀಸಿನವರು ಒಪ್ಪಿದರು, ನಾನೂ ಹೋದೆ. ಎರಡೂವರೆ ತಿಂಗಳು ಮನೆ ಬೀಗ. ನೀರಿನ ವಾಲ್ವ್ ನಿಲ್ಲಿಸಿ ಹೋಗಬೇಕು ಅನ್ನುವುದು ತಲೆಗೇ ಬರಲಿಲ್ಲ.

ಗಣೇಶನ ಹಬ್ಬ ಮುಗಿಸಿ ಬಂದು ಬಾಗಿಲು ತೆಗೆದರೆ ಮುಗ್ಗಲು ವಾಸನೆ ಗಪ್ಪಂತ ಮೂಗಿಗೆ ಹೊಡೆಯಿತು. ವಾರ್ಡ್‌ರೋಬಿನ ಕೆಳಗಿನ ಅರ್ಧ ನೀರು ಕುಡಿದು ಊದಿಕೊಂಡು ಬಾಗಿಲೇ ಮುಚ್ಚುತ್ತಿರಲಿಲ್ಲ. ನಮ್ಮ ಮದುವೆಯ ಎರಡು ರೇಷ್ಮೆ ಸೀರೆ ಹಾಳು. ಗೋಡೆ ಸೊಂಟದೆತ್ತರಕ್ಕೆ ಕಪ್ಪು. ಕೆಳಗಿನವರ ಬಾತ್‌ರೂಮಿನ ಸೀಲಿಂಗ್ ಕಿತ್ತು ಉದುರಿತ್ತು. ಪ್ಲಂಬರ್ ಬಂದು ಒಡೆದು ನೋಡಿದರೆ ಗೀಸರ್‌ಗೆ ಹೋಗುವ ಪೈಪು ಗೋಡೆಯೊಳಗೆ ಜಾಯಿಂಟಿನಲ್ಲಿ ಒಸರುತ್ತಿತ್ತು.

ಮಗು ಬಂತಲ್ಲ, ಅತ್ತೆ ಮನೆಗೆ ಹತ್ತಿರ ಇರೋಣ ಅಂತ ಈಗ ಮನೆ ಖಾಲಿ ಮಾಡುತ್ತಿದ್ದೇನೆ. ಓನರ್ ಕೊಟ್ಟ ಲೆಕ್ಕ ಇದು: ಪೈಪು, ಟೈಲ್ಸ್ 18,000. ಹೊಸ ವಾರ್ಡ್‌ರೋಬ್ 42,000. ಎರಡು ರೂಮಿನ ಗೋಡೆ, ಬಣ್ಣ 16,000. ಕೆಳಮನೆ ಸೀಲಿಂಗ್ 9,000. ಅದರ ಮೇಲೆ ಅಗ್ರಿಮೆಂಟ್‌ನಲ್ಲಿ ಇದೆಯಲ್ಲ ಅಂತ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ. ಎಲ್ಲ ಸೇರಿ 1,07,000. ಕೈಗೆ ಬರುವುದು 43 ಸಾವಿರ.

ನಾನು ಮೊಳೆ ಕೂಡ ಹೊಡೆದಿಲ್ಲ ಸ್ವಾಮಿ. ಏನೂ ಮಾಡದೆ ಇದ್ದದ್ದಕ್ಕೂ ದುಡ್ಡು ಕೊಡಬೇಕಾ?

ಮೂರು ಮನೆ ಓನರ್:

ಒಂದು ಫೋನ್ ಮಾಡಕ್ಕೆ ಏನಾಗಿತ್ತು? ಬಾಡಿಗೆ ಕಳಿಸುವ ಫೋನಿನಲ್ಲೇ ಒಂದು ಫೋಟೋ ಕಳಿಸಲು ಆಗಲಿಲ್ಲವೇ? ನಿಮ್ಮ ಸ್ವಂತ ಮನೆ ಆಗಿದ್ದರೆ ಅಲ್ಲಿಗೆ ಬುಕ್ ಸ್ಟ್ಯಾಂಡ್ ಅಡ್ಡ ಇಡುತ್ತಿದ್ದಿರಾ? ನಾನಾಗಿದ್ದರೂ ಹಿಡಿಯುತ್ತಿದ್ದೆ. ಓನರ್ ಅಂದ ಕೂಡಲೇ ಎಲ್ಲರಿಗೂ ವಿಲನ್ ಥರ ಕಾಣುತ್ತದೆ, ಆದರೆ ಕೆಳಗಿನ ಬಾಡಿಗೆಯವರ ಕೈಲಿ ಬೈಸಿಕೊಂಡವರು ಯಾರು? ಅವರೇ ತಾನೆ.

ಪೇಂಟಿಂಗ್ ಎರಡು ಸಲ ಹಿಡಿದದ್ದು ಮಾತ್ರ ಜಾಸ್ತಿ ಆಯ್ತು. ಅದು ನಾನೂ ಒಪ್ಪುವುದಿಲ್ಲ.

ಕರಿಕೋಟು:

ಬೆಂಗಳೂರಲ್ಲಿ ಸಿವಿಲ್ ಕಡೆ ಪ್ರಾಕ್ಟೀಸ್ ಮಾಡುತ್ತೇನೆ. ಅಗ್ರಿಮೆಂಟ್ ನೋಡದೆ ಕೊನೆ ಮಾತು ಹೇಳಲಾರೆ, ಆದರೆ ನಿಮ್ಮ ಪ್ರಶ್ನೆ ಚೆನ್ನಾಗಿದೆ. ಜನ ಇದನ್ನು ತಪ್ಪು ತಿಳಿದುಕೊಂಡಿರುತ್ತಾರೆ, ಎರಡೂ ಕಡೆಯವರು.

ಮೊದಲು ಯಾವ ಕಾನೂನು ಅನ್ನೋದು. ಎಲ್ಲರೂ ರೆಂಟ್ ಆಕ್ಟ್ ಅನ್ನುತ್ತಾರೆ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2001ರ ಕೊನೆಯಲ್ಲಿ. ಬೆಂಗಳೂರಿನಂಥ ಕಡೆ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆ ಇದ್ದರೆ ಅದು ಅನ್ವಯವೇ ಆಗುವುದಿಲ್ಲ. ಇವತ್ತು 3,500ಕ್ಕೆ ಬೈಕ್ ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ನಿಮಗೆ ಇರುವುದು ನಿಮ್ಮ ಅಗ್ರಿಮೆಂಟು, ಮತ್ತೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆ ಅಂತ ಯಾರಾದರೂ ಇಲ್ಲಿ ಹೇಳಿಯೇ ಹೇಳುತ್ತಾರೆ. ಅದು ಹೆಸರೇ ಹೇಳುವ ಹಾಗೆ ಮಾದರಿ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಬೆಲೆ. ಆದರೂ ಅದರಲ್ಲಿ ಯಾರ್ಯಾರು ಏನೇನು ರಿಪೇರಿ ಮಾಡಿಸಬೇಕು ಅನ್ನುವ ಪಟ್ಟಿ ಇದೆ, ಜಗಳ ಬಿಡಿಸಲು ಉಪಯೋಗಕ್ಕೆ ಬರುತ್ತದೆ. ನಲ್ಲಿಯ ವಾಷರ್, ಸ್ವಿಚ್ಚು, ಗೀಸರ್ ರಿಪೇರಿ, ಮೋರಿ ಕಟ್ಟಿದ್ದು ಬಿಡಿಸುವುದು, ಒಡೆದ ಕಿಟಕಿ ಗಾಜು ಇವೆಲ್ಲ ಬಾಡಿಗೆದಾರನದು. ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪು ಬದಲಾಯಿಸುವುದು, ವೈರಿಂಗ್ ಓನರ್‌ದು.

ಈಗ 1882ರ ಕಾಯ್ದೆಗೆ ಬರೋಣ. ಸೆಕ್ಷನ್ 108, ಅದರಲ್ಲಿ (ಎಂ) ಅನ್ನುವ ಭಾಗ. ಸರಳವಾಗಿ ಹೇಳ್ತೀನಿ. ಮನೆ ಕೈಗೆ ಬಂದಾಗ ಹೇಗಿತ್ತೋ ಹಾಗೇ ಇಟ್ಟುಕೊಳ್ಳಬೇಕು, ಬಿಡುವಾಗ ಹಾಗೇ ಒಪ್ಪಿಸಬೇಕು. ಬಳಸಿ ಸವೆದದ್ದು ಬಿಟ್ಟು, ಮನುಷ್ಯನ ಕೈಮೀರಿ ಆದದ್ದು ಬಿಟ್ಟು. ‘ಇಟ್ಟುಕೊಳ್ಳಬೇಕು’ ಅನ್ನುವುದನ್ನು ಗಮನಿಸಿ. ಒಡೆಯಬಾರದು ಅಂತ ಮಾತ್ರ ಇಲ್ಲ. ಅದೇ ಭಾಗದಲ್ಲಿ ಮುಂದಕ್ಕೆ, ಓನರ್ ಸಮಯ ನೋಡಿಕೊಂಡು ಬಂದು ಮನೆ ನೋಡಲು ಬಿಡಬೇಕು, ಅವರು ಏನಾದರೂ ಕೊರತೆ ಇದೆ ಅಂತ ನೋಟಿಸ್ ಕೊಟ್ಟರೆ, ಆ ಕೊರತೆ ನೀವು ಮಾಡಿದ ಕೆಲಸದಿಂದಲೋ ಮಾಡದೆ ಬಿಟ್ಟದ್ದರಿಂದಲೋ ಆಗಿದ್ದರೆ, ಮೂರು ತಿಂಗಳೊಳಗೆ ಸರಿಮಾಡಿಸಿ ಕೊಡಬೇಕು ಅಂತಿದೆ. ಮಾಡದೆ ಬಿಟ್ಟದ್ದು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ. ಹೌದು, ಸುಮ್ನೆ ಇದ್ದದ್ದಕ್ಕೂ ದುಡ್ಡು ಕೊಡಬೇಕಾಗಿ ಬರಬಹುದು.

ಇದು ಬ್ರಿಟಿಷರು ತಂದ ಹೊಸ ಯೋಚನೆಯೂ ಅಲ್ಲ, ಅವರಲ್ಲೇ ಬಹಳ ಹಳೆಯದು. ಇಂಗ್ಲೆಂಡಿನಲ್ಲಿ 1278ರ ಗ್ಲಾಸ್ಟರ್ ಶಾಸನದ ಪ್ರಕಾರ ಬೇರೆಯವರ ಆಸ್ತಿಯಲ್ಲಿ ಅವಧಿಗೆ ಇದ್ದ ಕೆಲವು ಬಗೆಯ ಜನ ಅದನ್ನು ಹಾಳುಮಾಡಿದರೆ ಆ ಜಾಗವೂ ಹೋಗುತ್ತಿತ್ತು, ನಷ್ಟದ ಮೂರರಷ್ಟು ದಂಡವೂ ಬೀಳುತ್ತಿತ್ತು. ಪುಣ್ಯಕ್ಕೆ ನಿಮ್ಮ ಓನರ್‌ಗೆ ಇದು ಗೊತ್ತಿಲ್ಲ.

ಆದರೆ ಇಲ್ಲೊಂದು ಗೆರೆ ಎಳೆಯಬೇಕು. ಗೋಡೆಯೊಳಗಿನ ಪೈಪು ಹಳತಾಗಿ ಒಸರಿದ್ದಕ್ಕೆ ನೀವು ಕಾರಣ ಅಲ್ಲ. ಅದು ಕಟ್ಟಡ ಸವೆದದ್ದು. ಆ 18 ಸಾವಿರ ನಿಮ್ಮ ಲೆಕ್ಕಕ್ಕೆ ಬರುವುದು ಕಷ್ಟ. ನೀವು ಕೊಡಬೇಕಾದದ್ದು, ನಿಮ್ಮ ಮೌನದಿಂದ ಹೆಚ್ಚಾದ ನಷ್ಟ ಮಾತ್ರ. ಯುಗಾದಿಯಲ್ಲಿ ಹೇಳಿದ್ದರೆ ಅಂಗೈ ಅಗಲದ ಗೋಡೆ ಕೆರೆದು ಮುಗಿಯುತ್ತಿತ್ತು. ಅಲ್ಲಿಂದ ಸೊಂಟದೆತ್ತರಕ್ಕೆ ಹೋದದ್ದು, ಮರ ಊದಿದ್ದು, ಕೆಳಗಿನ ಸೀಲಿಂಗು, ಇವಕ್ಕೆ ನೀವು ಜವಾಬು ಹೇಳಬೇಕು. ಆ ಸೆಕ್ಷನ್‌ನಲ್ಲಿ (ಎಫ್) ಅಂತ ಇನ್ನೊಂದು ಇದೆ, ಅದು ನಿಮ್ಮ ಕಡೆಗಿತ್ತು. ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ನೀವು ತಿಳಿಸಿದ ಮೇಲೂ ಅವರು ಮಾಡಿಸದೆ ಕೂತರೆ ನೀವೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ತಿಳಿಸದೆ ಇದ್ದರೆ ಆ ಬಾಗಿಲೇ ತೆರೆಯುವುದಿಲ್ಲ. ಇನ್ನೊಂದು ಮಾತು, ಎಲ್ಲ ರಿಪೇರಿಯೂ ಓನರ್‌ದೇ ಅಂತ ಈ ಕಾಯ್ದೆಯಲ್ಲಿ ಬರೆದಿಲ್ಲ. ಅದು ಅಗ್ರಿಮೆಂಟ್‌ನಲ್ಲೋ ಊರಿನ ರೂಢಿಯಲ್ಲೋ ಇರಬೇಕು.

ವಾರ್ಡ್‌ರೋಬ್ ಎಷ್ಟು ವರ್ಷದ್ದು? ಹಳೆಯದಕ್ಕೆ ಬದಲಾಗಿ ಹೊಸದರ ಪೂರ್ತಿ ಬೆಲೆ ಕೇಳುವ ಹಾಗಿಲ್ಲ. ಕರಾರು ಕಾಯ್ದೆ ಸೆಕ್ಷನ್ 73 ನಿಜವಾಗಿ ಆದ ನಷ್ಟವನ್ನು ತುಂಬಿಕೊಡು ಅನ್ನುತ್ತದೆ, ಲಾಭ ಮಾಡಿಕೊಡು ಅನ್ನುವುದಿಲ್ಲ. ಜೊತೆಗೆ ನಷ್ಟ ತಡೆಯಲು ಓನರ್ ಕೈಯಲ್ಲಿ ಏನು ಸಾಧ್ಯವಿತ್ತು ಅನ್ನುವುದನ್ನೂ ನೋಡಬೇಕು ಅಂತ ಅದೇ ಸೆಕ್ಷನ್ ಹೇಳುತ್ತದೆ.

ನೀವು ಎರಡು ವಿಷಯ ಹೇಳಿ. ಅಗ್ರಿಮೆಂಟ್‌ನಲ್ಲಿ ರಿಪೇರಿ ಬಗ್ಗೆ ಏನು ಬರೆದಿದೆ? ಓನರ್‌ಗೆ ಮೊದಲ ಸಲ ಗೊತ್ತಾದದ್ದು ಯಾವಾಗ?

ಸಾಗರದವ:

ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸಾರ್. ಅಗ್ರಿಮೆಂಟ್ ತೆಗೆದು ಮೊದಲ ಸಲ ಪೂರ್ತಿ ಓದಿದೆ, ನಾಚಿಕೆ ಆಗುತ್ತದೆ ಹೇಳಲು. ‘ಚಿಕ್ಕಪುಟ್ಟ ರಿಪೇರಿ ಬಾಡಿಗೆದಾರರದು, ದೊಡ್ಡ ರಿಪೇರಿ ಮಾಲೀಕರದು, ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್ ಮತ್ತು ಕ್ಲೀನಿಂಗ್‌ಗೆ’ ಅಂತಿದೆ. ಅದು 11 ತಿಂಗಳದ್ದು, ಒಂದು ಸಲ ರಿನ್ಯೂ ಮಾಡಿದೆವು, ಆಮೇಲೆ ಸುಮ್ನೆ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಅದಕ್ಕೆ ಬೆಲೆ ಇದೆಯಾ?

ಎರಡನೆಯದು. ನಿಮ್ಮ ಪ್ರಶ್ನೆ ಓದಿ ಕೆಳಮನೆ ಆಂಟಿಗೆ ಫೋನ್ ಮಾಡಿದೆ. ಅವರು ಆಷಾಢದಲ್ಲೇ, ಅಂದರೆ ನಾವು ಊರಿಗೆ ಹೋದ ಮೂರನೇ ವಾರಕ್ಕೇ, ಓನರ್‌ಗೆ ಸೀಲಿಂಗ್ ಒದ್ದೆ ಆಗಿದೆ ಅಂತ ವಾಟ್ಸಾಪ್ ಮಾಡಿದ್ದರಂತೆ. ‘ಮಳೆ ಜಾಸ್ತಿ ಅಲ್ವಾ, ಬಿಸಿಲು ಬಂದ ಮೇಲೆ ನೋಡೋಣ’ ಅಂದರಂತೆ ಅವರು.

ಇನ್ನೊಂದು ಮುಚ್ಚಿಡುವುದಿಲ್ಲ. ಏಪ್ರಿಲ್‌ನಲ್ಲಿ ಓನರ್ ಒಮ್ಮೆ ‘ಬಂದು ಮನೆ ನೋಡಿ ಹೋಗಲಾ’ ಅಂದಿದ್ದರು. ಮನೇಲಿ ನೆಂಟರಿದ್ದಾರೆ ಅಂತ ಮುಂದೆ ಹಾಕಿದೆ.

ಕರಿಕೋಟು:

ಅವಧಿ ಮುಗಿದ ಮೇಲೂ ನೀವು ಇದ್ದೀರಿ, ಅವರು ಬಾಡಿಗೆ ತಗೊಂಡಿದ್ದಾರೆ. ಅದೇ 1882ರ ಕಾಯ್ದೆಯ ಸೆಕ್ಷನ್ 116ರ ಪ್ರಕಾರ ಬಾಡಿಗೆ ಮುಂದುವರಿದಂತೆ, ವಾಸದ ಮನೆಯಾದರೆ ತಿಂಗಳಿಂದ ತಿಂಗಳಿಗೆ. ಹಳೇ ಷರತ್ತುಗಳು ಹೆಚ್ಚುಕಡಿಮೆ ಹಾಗೇ ಮುಂದುವರಿಯುತ್ತವೆ.

ಏಪ್ರಿಲ್ ವಿಷಯ ನಿಮಗೆ ಒಳ್ಳೆಯದಲ್ಲ. ಆಷಾಢದ ವಾಟ್ಸಾಪ್ ಅವರಿಗೆ ಒಳ್ಳೆಯದಲ್ಲ. ಆ ಆಂಟಿ ಹತ್ತಿರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆದರೆ ಅದನ್ನು ಮೊದಲೇ ಮುಖಕ್ಕೆ ಹಿಡಿಯಬೇಡಿ. ಅಲ್ಲಿಂದಾಚೆಗಿನ ನಷ್ಟ ಇಬ್ಬರದೂ.

ಅಡ್ವಾನ್ಸ್ ಕೊಡದೆ ಸತಾಯಿಸಿದರೆ ನೋಟಿಸ್ ಕೊಟ್ಟು ಮೂರು ವರ್ಷದೊಳಗೆ ದಾವೆ ಹಾಕಬಹುದು. ಆದರೆ ಇಷ್ಟು ದುಡ್ಡಿನ ಜಗಳಕ್ಕೆ ಕೋರ್ಟ್ ಅಂದರೆ ಎಮ್ಮೆಗಿಂತ ಹಗ್ಗ ದುಬಾರಿ. ನನ್ನ ಕೆಲಸಕ್ಕೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಇರಲಿ. ಎದುರು ಕೂತು ಮಾತಾಡಿ.

ಪೈಪು ಪಾನ:

ನಾನು ಇಪ್ಪತ್ತು ವರ್ಷದಿಂದ ಪ್ಲಂಬಿಂಗ್ ಕಂಟ್ರಾಕ್ಟ್ ಮಾಡುತ್ತೇನೆ. ವಕೀಲರು ಹೇಳಿದ ಗೆರೆ ಗೋಡೆಯಲ್ಲೂ ಕಾಣುತ್ತದೆ, ಹೇಗೆ ಅಂತ ಹೇಳುತ್ತೇನೆ.

ಬಾತ್‌ರೂಮಲ್ಲಿ ನೀರು ಎರಡು ಥರ ಸೋರುತ್ತದೆ. ಕಣ್ಣಿಗೆ ಕಾಣುವ ಕಡೆ, ಅಂದರೆ ಆಂಗಲ್ ಕಾಕ್, ಗೀಸರಿನ ಕನೆಕ್ಷನ್ ಪೈಪು, ನಲ್ಲಿ, ಫ್ಲಶ್. ಇಲ್ಲಿ ಹನಿ ಬೀಳುತ್ತಿದ್ದರೆ ವಾಷರ್ ಹಾಕಿ ಟೆಫ್ಲಾನ್ ಟೇಪು ಸುತ್ತಿದರೆ ಆಯಿತು, ನೂರು ಇನ್ನೂರು ರೂಪಾಯಿ ಮಾತು. ಅದನ್ನು ಬಿಟ್ಟು ಗೋಡೆ ಹಾಳಾದರೆ ನೂರಕ್ಕೆ ನೂರು ಇದ್ದವರ ತಪ್ಪು. ಇನ್ನೊಂದು ಗೋಡೆಯೊಳಗೆ ಹೂತ ಪೈಪು. ಹದಿನೆಂಟು ವರ್ಷದ ಮನೆ ಅಂದರೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪೇ ಇರಬೇಕು. ಅದು ಜಾಯಿಂಟಿನ ಥ್ರೆಡ್ ಹತ್ತಿರ ಮೊದಲು ತುಕ್ಕು ಹಿಡಿಯುತ್ತದೆ. ಅದಕ್ಕೆ ಬಾಡಿಗೆಯವರು ಏನು ಮಾಡಿಯಾರು, ಗೋಡೆಯೊಳಗೆ ಇಣುಕಲು ಆಗುತ್ತದೆಯೇ?

ಆದರೆ ಗೋಡೆ ಮುಂಚೆಯೇ ಹೇಳುತ್ತದೆ. ಮೊದಲು ಬಣ್ಣ ಉಬ್ಬುತ್ತದೆ. ಆಮೇಲೆ ಪುಟ್ಟಿ ಪುಡಿಯಾಗಿ ಉದುರುತ್ತದೆ, ಬಿಳಿ ಉಪ್ಪು ಹೂ ಬಿಟ್ಟ ಹಾಗೆ. ಆಮೇಲೆ ಕಪ್ಪು. ಉಬ್ಬಿದಾಗಲೇ ಹೇಳಿದ್ದರೆ ಎರಡು ಟೈಲ್ಸ್ ಒಡೆದು ಜಾಯಿಂಟ್ ಬದಲಾಯಿಸಿ ಮುಗಿಸುತ್ತಿದ್ದೆವು.

ಇನ್ನು ವಾರ್ಡ್‌ರೋಬ್. 42 ಸಾವಿರ ಅಂದರೆ ಪೂರ್ತಿ ಕಿತ್ತು ಹೊಸದು ಮಾಡಿಸುವ ಲೆಕ್ಕ. ಅದು ಪ್ಲೈವುಡ್ಡೋ ಪಾರ್ಟಿಕಲ್ ಬೋರ್ಡೋ ನೋಡಿ. ಪಾರ್ಟಿಕಲ್ ಬೋರ್ಡ್ ಆದರೆ ನೀರು ಮುಟ್ಟಿದ ತಕ್ಷಣ ಬಿಸ್ಕತ್ತು ಚಹಾದಲ್ಲಿ ಅದ್ದಿದ ಹಾಗೆ, ಅಷ್ಟು ದಿನ ಬೇಕಾಗಿಯೇ ಇಲ್ಲ. ಕೆಳಗಿನ ಅರ್ಧ ಮಾತ್ರ ಹೋಗಿದ್ದರೆ ಬಡಗಿ ತಳದ ಡಬ್ಬ, ಎರಡು ಬಾಗಿಲು ಮಾತ್ರ ಹೊಸದು ಮಾಡಿ ಕೂರಿಸುತ್ತಾನೆ. ಲ್ಯಾಮಿನೇಟ್ ಬಣ್ಣ ಸ್ವಲ್ಪ ಹೊಂದದೆ ಇರಬಹುದು. ಬೇರೆಯವರ ಹತ್ತಿರ ಒಂದು ಕೊಟೇಷನ್ ತಗೊಳ್ಳಿ.

ಊರಿಗೆ ಹೋಗುವಾಗ ವಾಲ್ವ್ ತಿರುಗಿಸಿ ಹೋಗಬೇಕಿತ್ತು, ಅದಕ್ಕೆ ಮಾತಿಲ್ಲ. ಟ್ಯಾಂಕಿನಿಂದ ಇಳಿಯುವ ನೀರು ಯಾರೂ ಇಲ್ಲದಿದ್ದರೂ ಒತ್ತುತ್ತಲೇ ಇರುತ್ತದೆ. ಯಾರಿಗಾದರೂ ಒಳಗೆ ಸೋರುತ್ತಿದೆಯಾ ಅಂತ ಅನುಮಾನ ಇದ್ದರೆ, ನಿಮ್ಮ ಮನೆಗೇ ಬೇರೆ ಟ್ಯಾಂಕ್ ಇದ್ದರೆ, ರಾತ್ರಿ ಎಲ್ಲ ನಲ್ಲಿ ಮುಚ್ಚಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ಬೆಳಗ್ಗೆ ನೋಡಿ. ಮೋಟರ್ ಹಾಕಿರಬಾರದು ಅಷ್ಟೇ. ರಸ್ತೆ ಮೀಟರ್ ನೋಡಿದರೆ ಇದು ಗೊತ್ತಾಗುವುದಿಲ್ಲ, ಅದು ನೆಲದಡಿಯ ಸಂಪ್‌ಗೆ ಬರುವ ನೀರಿನ ಲೆಕ್ಕ.

ಹಂಚಿನಮನೆ ಅಕ್ಕ:

ನಾನು ಓನರ್ ಕಡೆಯವಳು, ಆದರೆ ಬೆಂಗಳೂರಿನ ಓನರ್ ಅಲ್ಲ. ತೀರ್ಥಹಳ್ಳಿ ಪೇಟೆಯಲ್ಲಿ ನಮ್ಮ ಮಾವನವರ ಕಾಲದ ಹಂಚಿನ ಮನೆ ಇದೆ, ಬಾಡಿಗೆಗೆ ಕೊಟ್ಟಿದ್ದೇವೆ.

ಒಂದು ವರ್ಷ ಮಳೆಗಾಲದಲ್ಲಿ ಮಂಗ ಕುಣಿದು ಒಂದು ಹಂಚು ಸರಿದಿದೆ. ಒಂದೇ ಒಂದು ಹಂಚು. ಇದ್ದವರು ಬಹಳ ಒಳ್ಳೆಯ ಜನ, ಬಾಡಿಗೆ ಒಂದು ದಿನ ತಡ ಮಾಡಿದವರಲ್ಲ. ಏನು ಮಾಡಿದರು ಗೊತ್ತಾ? ಸೋರುವಲ್ಲಿ ಬಕೆಟ್ ಇಟ್ಟರು. ತುಂಬಿದ ಹಾಗೆ ಚೆಲ್ಲಿ ಬಂದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ! ದೀಪಾವಳಿಗೆ ನಾವು ಹೋಗಿ ತಲೆಯೆತ್ತಿ ನೋಡಿದರೆ ಹಂಚು ಕೂರುವ ರೀಪು ಪಟ್ಟಿ ಕೊಳೆತು, ಅದನ್ನು ಹೊರುವ ಪಕಾಸಿಗೂ ಒರಲೆ ಹುಳ ಹತ್ತಿದೆ. ಕೇಳಿದರೆ, ‘ನೆಲಕ್ಕೆ ಒಂದು ಹನಿ ಬೀಳಲು ಬಿಡಲಿಲ್ಲ ಅಕ್ಕ, ನಿಮಗೆ ಯಾಕೆ ತೊಂದರೆ ಕೊಡುವುದು ಅಂತ ಹೇಳಲಿಲ್ಲ’ ಅಂದರು. ನಗಬೇಕೋ ಅಳಬೇಕೋ. ಅಷ್ಟೆಲ್ಲ ನೀರು ಹೊತ್ತು ಚೆಲ್ಲಿದ್ದಾರೆ ಪಾಪ, ಬೈಯಲು ಬಾಯಿಯೇ ಬರಲಿಲ್ಲ.

ಅದೇ ಮನೆಯ ಹಿಂದಿನ ಗೋಡೆಯಲ್ಲಿ ಅರಳಿ ಗಿಡ ಹುಟ್ಟಿತ್ತು. ಅದನ್ನು ಕೀಳಬಾರದು ಅಂತ ಅವರು ಮುಟ್ಟಲಿಲ್ಲ, ನಮಗೂ ಹೇಳಲಿಲ್ಲ. ದೇವರ ಗಿಡ ಅಂತ ನೀರು ಹಾಕದೆ ಇದ್ದದ್ದೇ ನಮ್ಮ ಭಾಗ್ಯ. ಬೇರು ಕಲ್ಲಿನ ಸಂದಿಗೆ ಇಳಿದು ಗೋಡೆ ಬಿರುಕು ಬಿಟ್ಟಿತು.

ದುಡ್ಡು ನಾವು ಕೇಳಲಿಲ್ಲ. ಯಾಕಂದ್ರೆ ಮಳೆಗಾಲಕ್ಕೆ ಮೊದಲು ಹಂಚು ನೋಡಿಸುವುದು ನಮ್ಮ ಕೆಲಸ, ಆ ವರ್ಷ ನಾವೂ ಹೋಗಿರಲಿಲ್ಲ. ಸಾಗರದವರೇ, ನಿಮ್ಮ ಓನರೂ ಎರಡೂವರೆ ವರ್ಷದಲ್ಲಿ ಎಷ್ಟು ಸಲ ಬಂದು ನೋಡಿದ್ದಾರೆ? ಆದರೆ ಬರುತ್ತೇನೆ ಅಂದಾಗ ‘ನೆಂಟರಿದ್ದಾರೆ’ ಅಂದದ್ದು ತಪ್ಪು ಮರೀ. ನೆಂಟರೇನು ಗೋಡೆಗೆ ಅಂಟಿಕೊಂಡು ಕೂತಿದ್ದರೇ?

ದೂರದೂರು:

ನಾನು ಇಂಗ್ಲೆಂಡಿನಲ್ಲಿ ಬಾಡಿಗೆಗೆ ಇದ್ದೇನೆ, ಮೂಲ ಹಾಸನ. ಇಲ್ಲಿನದು ನಿಮಗೆ ನೇರವಾಗಿ ಬರುವುದಿಲ್ಲ, ಆದರೆ ಓದುತ್ತಾ ಒಂದು ನೆನಪಾಯಿತು.

1953ರಲ್ಲಿ ಇಲ್ಲೊಂದು ಕೇಸು, ವಾರೆನ್ ವಿರುದ್ಧ ಕೀನ್. ಗೋಡೆ ಒದ್ದೆ, ಪ್ಲಾಸ್ಟರ್ ಹಾಳು, ಕಿಟಕಿ ಬಣ್ಣ ಹೋಗಿದೆ ಅಂತ ಓನರ್ ಬಾಡಿಗೆದಾರನ ಮೇಲೆ ದುಡ್ಡಿಗೆ ಹೋದ. ಡೆನಿಂಗ್ ಅನ್ನುವ ಜಡ್ಜು ಒಪ್ಪಲಿಲ್ಲ. ಬಾಡಿಗೆದಾರ ಮನೆಯ ಸಣ್ಣಪುಟ್ಟ ಕೆಲಸ ನೋಡಿಕೊಳ್ಳಬೇಕು, ತನ್ನದೇ ಕಸ ಕಟ್ಟಿದರೆ ಸಿಂಕ್ ಬಿಡಿಸಬೇಕು, ಫ್ಯೂಸ್ ಹೋದರೆ ಹಾಕಬೇಕು, ಚಳಿಗಾಲದಲ್ಲಿ ಊರಿಗೆ ಹೋಗುವಾಗ ನೀರು ನಿಲ್ಲಿಸಿ ಹೋಗಬೇಕು, ಮನೆಯನ್ನು ಬೇಕಂತಲೋ ಅಜಾಗ್ರತೆಯಿಂದಲೋ ಕೆಡಿಸಬಾರದು, ಅದರಾಚೆ ಹಳತಾಗಿ ಹಾಳಾದದ್ದಕ್ಕೆ ಅವನು ಹೊಣೆಯಲ್ಲ ಅಂದರು. ಚಳಿಗಾಲ ಯಾಕೆ ಅಂದರೆ ಇಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಪೈಪೇ ಒಡೆಯುತ್ತದೆ. ನಮ್ಮ ಕಡೆ ಹೆಪ್ಪುಗಟ್ಟುವುದಿಲ್ಲ, ಆದರೆ ನೀರು ನಿಲ್ಲಿಸಿ ಹೋಗಬೇಕು ಅನ್ನುವ ಮಾತು ಬನಶಂಕರಿಗೂ ನಡೆಯುತ್ತದೆ ಅಲ್ವಾ.

ಇಲ್ಲಿ ಅಡ್ವಾನ್ಸ್ ಓನರ್ ಜೇಬಿಗೆ ಸುಮ್ಮನೆ ಹೋಗುವುದಿಲ್ಲ. ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ 30 ದಿನದೊಳಗೆ ಸೇರಿಸಬೇಕು, ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಜಗಳ ಬಂದರೆ ಆ ಸ್ಕೀಮಿನವರೇ ಕಾಗದ ನೋಡಿ ತೀರ್ಮಾನ ಹೇಳುತ್ತಾರೆ. ಅವರು ಮೊದಲು ಕೇಳುವುದು ಮನೆಗೆ ಬಂದ ದಿನದ ಪಟ್ಟಿ, ಫೋಟೋ. ನಾನು ಬಂದ ದಿನ ಕಾರ್ಪೆಟ್ಟಿನ ಕಲೆ, ಕಿಟಕಿ ಮೂಲೆಯ ಬೂಜು ಎಲ್ಲ ಫೋಟೋ ತೆಗೆದು ಏಜೆಂಟಿಗೆ ಇಮೇಲ್ ಹಾಕಿದ್ದೆ. ಹೆಂಡತಿ ನಕ್ಕಳು. ಬಿಡುವಾಗ ಅದರಿಂದಲೇ ಪೂರ್ತಿ ದುಡ್ಡು ಬಂತು.

ಮೂರು ಮನೆ ಓನರ್:

ಪೇಂಟಿಂಗ್ ಬಗ್ಗೆ ಇನ್ನೊಂದು ಹೇಳಬೇಕಿತ್ತು. ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ರೂಢಿ, ಸರಿ, ನಾನೂ ಹಿಡಿಯುತ್ತೇನೆ. ಆದರೆ ಅದು ಹಿಡಿದ ಮೇಲೆ ಮಾಮೂಲಿ ಗೋಡೆ ಬಣ್ಣ ಅದರೊಳಗೇ ಬಂತು. ಒದ್ದೆ ಗೋಡೆ ಕೆರೆದು ಒಣಗಿಸಿ ವಾಟರ್‌ಪ್ರೂಫ್ ಹಾಕುವ ಖರ್ಚು ಬೇರೆ ಇರಬಹುದು, ಅದಕ್ಕೆ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಹದಿನಾರು ಸಾವಿರ ಬರೀ ಬಾಯಿಲೆಕ್ಕ.

ಕೆಳಮನೆಯವರು ಹೇಳಿದ ಮೇಲೂ ಬಿಸಿಲು ಬರಲಿ ಅಂದದ್ದು ಅವರದೂ ಸೋಮಾರಿತನ. ಬಾತ್‌ರೂಮ್ ಕೆಳಗಿನ ಸೀಲಿಂಗ್ ಒದ್ದೆ ಅಂದರೆ ಮಳೆ ಎಲ್ಲಿಂದ ಬರುತ್ತದೆ, ಮೇಲೆ ಇನ್ನೊಂದು ಮನೆ ಇದೆಯಲ್ಲ! ಮೊದಲ ಕಮೆಂಟ್ ಸ್ವಲ್ಪ ಖಾರ ಆಯ್ತು, ಬೇಜಾರು ಮಾಡ್ಕೋಬೇಡಿ.

ಸಾಗರದವ:

ಅಪ್‌ಡೇಟ್. ಭಾನುವಾರ ಓನರ್ ಬಂದಿದ್ದರು. ಹೆಂಡತಿ ಕಾಫಿ ಮಾಡಿಕೊಟ್ಟಳು, ಮಗು ಅವರ ತೊಡೆ ಮೇಲೆ ಒಂದು ಸಲ ಉಚ್ಚೆ ಹೊಯ್ಯಿತು, ಆಮೇಲೆ ಮಾತು ಸ್ವಲ್ಪ ಹಗುರಾಯಿತು.

ನಾನೇ ಮೊದಲು ಹೇಳಿಬಿಟ್ಟೆ. ಯುಗಾದಿಯಲ್ಲಿ ನೋಡಿದ್ದೆ ಸಾರ್, ಹೇಳಲಿಲ್ಲ, ವಾಲ್ವ್ ನಿಲ್ಲಿಸಿ ಹೋಗಲಿಲ್ಲ, ಅದು ನನ್ನದು ಅಂದೆ. ಪೈಪು ನನ್ನದಲ್ಲ ಅಂತಲೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೆಳಗಿನವರು ನನಗೂ ಹೇಳಿದ್ದರು, ನಾನೂ ಬರಲಿಲ್ಲ’ ಅಂತ ಅವರೇ ಅಂದರು. ಸ್ಕ್ರೀನ್‌ಶಾಟ್ ಜೇಬಿನಲ್ಲೇ ಉಳಿಯಿತು.

ಪೈಪು, ಟೈಲ್ಸ್ ಪೂರ್ತಿ ಅವರದು. ಪೇಂಟಿಂಗ್ ಅಗ್ರಿಮೆಂಟಿನ 22 ಸಾವಿರದೊಳಗೇ. ಕೆಳಗಿನ ಸೀಲಿಂಗ್ ಅರ್ಧ ಅರ್ಧ, ನನ್ನ ಪಾಲು 4,500. ವಾರ್ಡ್‌ರೋಬ್‌ಗೆ ನಾನು ಕರೆದ ಬಡಗಿ ಕೆಳಗಿನ ಅರ್ಧಕ್ಕೆ 17,500 ಹೇಳಿದ. ಅದು ಎಂಟು ವರ್ಷ ಹಳೆಯದು, ಪ್ಲೈವುಡ್ಡೇ. ಅಲ್ಲಿ ಮಾತ್ರ ಒಂದು ಗಂಟೆ ಎಳೆದಾಡಿ 12 ಸಾವಿರಕ್ಕೆ ನಿಂತಿತು. ನನಗೆ 10 ಸರಿ ಅನಿಸಿತ್ತು, ಅವರಿಗೆ 15. ಒಟ್ಟು 38,500 ಹೋಗಿ 1,11,500 ಬರುತ್ತದೆ. ಸೀರೆ ವಿಷಯ ನಾನು ಎತ್ತಲಿಲ್ಲ, ಹೆಂಡತಿ ಕಣ್ಣಲ್ಲೇ ಎತ್ತಿದಳು.

ಕರಿಕೋಟು ಸಾರ್ ಹೇಳಿದ ಹಾಗೆ ಎದುರು ಕೂತು ಮಾತಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು.

ಪೈಪು ಪಾನ:

ಒಳ್ಳೇದಾಯ್ತು. ಹೊಸ ಮನೆಯಲ್ಲಿ ನೀರಿನ ವಾಲ್ವ್ ಎಲ್ಲಿದೆ ನೋಡಿಕೊಂಡಿದ್ದೀರಾ?

ಸಾಗರದವ:

ಟೆರೇಸ್ ಮೇಲೆ, ಟ್ಯಾಂಕಿನ ಹಿಂದೆ. ನಾಲ್ಕು ಮನೆಯ ನಾಲ್ಕು ವಾಲ್ವ್ ಸಾಲಾಗಿವೆ, ಯಾವುದು ಯಾರದು ಅಂತ ಓನರ್‌ಗೇ ಗೊತ್ತಿರಲಿಲ್ಲ. ಒಂದೊಂದೇ ತಿರುಗಿಸಿ ನಮ್ಮದು ಹುಡುಕುವಷ್ಟರಲ್ಲಿ ಮೂರು ಮನೆಯವರು ಮೇಲೆ ಬಂದು ಜಗಳ ಆಡಿದರು. ಈಗ ಎಲ್ಲಕ್ಕೂ ಪೇಂಟಿನಲ್ಲಿ ನಂಬರ್ ಬರೆದಿದ್ದೇನೆ.